ಮಕರವೂ ಮೊಸಳೆಯೂ: ಜಲಜಂತುಗಳ ನಾಮವಿವೇಕ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಗೂರು ನಮ್ಮ ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಗ್ರಾಮವಲ್ಲ. ಶಕವರ್ಷ ೮೭೨ರ, ಎಂದರೆ ಕ್ರಿ. ಶ. ೯೪೯-೫೦ರ ಪ್ರಸಿದ್ಧವಾದ ನಾಯಿಯ ವೀರಗಲ್ಲು ದೊರೆತದ್ದು ಅಲ್ಲಿಯೇ. ಶಾಸನದಲ್ಲಿ ಊರ ಹೆಸರು ಆತಕೂರು ಎಂದಿರುವುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು, ತನ್ನ ಆಳಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಡಿದುದನ್ನು ಕೊಡುವೆನೆನ್ನಲು, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಹಿರಿದಾದ ಹಂದಿಯೊಂದರ ಮೇಲೆ ಅದನ್ನು ಬಿಡಲು, ಹಂದಿಯೂ ನಾಯಿಯೂ ಒಡನೆಯೇ ಸತ್ತುವು. ಆ ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಶಿಲೆಯು ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವುದು. ಅದರ ಮೇಲ್ಭಾಗದಲ್ಲಿ ಕಡೆದಿರುವ ಹೋರಾಟವನ್ನು ನೋಡಿದವರಿಗೆ ಯಾವುದು ನಾಯಿ, ಯಾವುದು ಹಂದಿ ಎಂಬ ಸಂಶಯವು ಹುಟ್ಟುವುದಿಲ್ಲ. ಶಿಲ್ಪಿಯು ಎರಡನ್ನೂ ಕಣ್ಣಾರೆ ಕಂಡವನು.

ಪ್ರಾಣಿಯ ವಿಷಯದಲ್ಲಿ ಇಷ್ಟು ನಿಸ್ಸಂದಿಗ್ಧವಾದ ಈ ಕಲ್ಲೇ, ಪದದ ವಿಷಯದಲ್ಲಿ ವಿದ್ವಾಂಸರನ್ನು ಬಹುಕಾಲ ದಾರಿ ತಪ್ಪಿಸಿತೆಂಬುದು ವಾಚಕರಿಗೆ ನೆನಪಿರಬಹುದು. ರಾಜಾದಿತ್ಯವಧೆಯನ್ನು ಹೇಳುವೆಡೆಯಲ್ಲಿ 'ಬಿಸುಗೆ' ಎಂಬ ಮಾತು ಬಂದಿರುವುದು. ಅದನ್ನು ಮೊದಲು ಬೆಸೆದುಕೊಳ್ಳುವಿಕೆ, ಅಪ್ಪುಗೆ ಎಂದು ತಿಳಿದು, ಬೂತುಗನು ಆಲಿಂಗನದ ನೆವದಿಂದ ಶತ್ರುವನ್ನು ಕಪಟವಾಗಿ ಇರಿದನೆಂದು ಅನುವಾದಿಸಿದರು. ಬಿಸುಗೆಯೆಂದರೆ ಆನೆಯ ಮೇಲಣ ಅಂಬಾರಿಯೆಂದು ನಿಶ್ಚಯವಾದ ಬಳಿಕ, ಅಂಬಾರಿಯೇ ಕಳನಾಗಿ ಹೋರಾಡಿದನೆಂಬ ಸಹಜಾರ್ಥವು ಸಿದ್ಧಿಸಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಹೇಳುವ ಚೋಳರ ಲೈಡನ್ ತಾಮ್ರಪಟಗಳಿಗೂ ಇದು ಹೊಂದುವುದು. ಒಂದು ಪದದ ಅರ್ಥವು ಕದಲಿದ್ದರಿಂದ ಒಬ್ಬ ಅರಸನು ಕೆಲಕಾಲ ದ್ರೋಹಿಯೆನಿಸಿಕೊಂಡನು.

ಇಂಥದೇ ಇನ್ನೊಂದು ಪದಪ್ರಮಾದವನ್ನು, ಮನುಷ್ಯರ ವಿಷಯದಲ್ಲಲ್ಲದೆ ನೀರಿನ ಪ್ರಾಣಿಗಳ ವಿಷಯದಲ್ಲಿ, ನಾವು ಪಾಠಶಾಲೆಗಳಲ್ಲಿ ಇಂದಿಗೂ ನಡೆಸಿಕೊಂಡು ಬಂದಿರುವೆವು. ಅದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ. ಆತಗೂರಿನ ಶಾಸನವೇ ನನಗೆ ಇದಕ್ಕೆ ನಿಮಿತ್ತವಾಯಿತೆಂದು ಹೇಳಬೇಕು. ಅದರಲ್ಲಿ ಮಣಲೇರನು ಸಗರವಂಶದವನೆಂದು ಹೇಳಿದೆ. ಅದನ್ನು ಒಮ್ಮೆ ಪಾಠ ಹೇಳುತ್ತ, ಸಗರಪುತ್ರರು ಅಗೆದ ಸಾಗರ, ಭಗೀರಥನು ತಂದ ಗಂಗೆ ಎಂದು ಕಥೆಯನ್ನು ವಿಸ್ತರಿಸಿ, ಗಂಗೆಯ ವಾಹನವು ಮಕರ, ಎಂದರೆ ಮೊಸಳೆ ಎಂದೆನು. ನನ್ನ ಗುರುಗಳು ನನಗೆ ಹೇಳಿದ್ದೂ ಹಾಗೆಯೇ. ಕರಾವಳಿಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಎದ್ದು, "ಮಕರವು ಮೊಸಳೆಯಾದರೆ, ಮಕರಧ್ವಜನೂ ಮೀನಕೇತನನೂ ಒಬ್ಬನೇ ಆಗುವುದು ಹೇಗೆ, ಗುರುಗಳೆ? ಮನ್ಮಥನಿಗೆ ಎರಡು ಬಾವುಟವೆ?" ಎಂದು ಕೇಳಿದನು. ಆ ದಿನ ನಾನು ಏನೋ ಹೇಳಿ ಮುಂದಕ್ಕೆ ಹೋದೆನು. ಆದರೆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ.

ಆ ಹುಡುಗನು ಹಿಡಿದದ್ದು ಅಮರಸಿಂಹನನ್ನೇ. ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಆ ಕೋಶದಲ್ಲಿ ಮನ್ಮಥನ ಹೆಸರುಗಳ ನಡುವೆ ಮೀನಕೇತನ, ಮಕರಧ್ವಜ ಎಂಬೆರಡೂ ಬಂದಿವೆ. ಒಬ್ಬ ದೇವತೆಗೆ ಒಂದೇ ಧ್ವಜಚಿಹ್ನೆ ಇರುವುದು ಲೋಕರೂಢಿ. ಹಾಗಾದರೆ ಕೋಶಕಾರನ ಬುದ್ಧಿಯಲ್ಲಿ ಮಕರವು ಮೀನಿನ ವರ್ಗಕ್ಕೆ ಸೇರಿದುದೇ ಆಗಿರಬೇಕು. ವಾರಿವರ್ಗವನ್ನು ತೆರೆದು ನೋಡಿದರೆ ಈ ಊಹೆಯು ಬಲಪಡುವುದು. ಅಲ್ಲಿ ಮೀನುಗಳ ಹೆಸರುಗಳೂ ತಿಮಿಂಗಿಲಾದಿಗಳೂ ಮುಗಿದೊಡನೆ, ಜಲಜಂತುಗಳ ಭೇದಗಳೆಂದು ಶಿಶುಮಾರ, ಉದ್ರ, ಶಂಕು, ಮಕರ ಇವುಗಳನ್ನು ಒಟ್ಟಾಗಿ ಎಣಿಸಿರುವನು. ಅನಂತರ ಏಡಿಯೂ ಆಮೆಯೂ ಬರುವುವು. ಅವುಗಳಾದ ಮೇಲೆ ಗ್ರಾಹಕ್ಕೆ ಅವಹಾರವೆಂದೂ, ನಕ್ರಕ್ಕೆ ಕುಂಭೀರವೆಂದೂ ಪರ್ಯಾಯಗಳನ್ನು ಕೊಟ್ಟಿರುವನು. ಮೊಸಳೆಯ ಹೆಸರುಗಳು ಈ ಕೊನೆಯವು. ಮಕರವನ್ನು ನಕ್ರಕ್ಕೆ ಪರ್ಯಾಯವೆಂದು ಅಮರನು ಹೇಳಿಲ್ಲ. ಎರಡನ್ನೂ ಬೇರೆ ಬೇರೆ ಸ್ಥಾನದಲ್ಲಿ ಇಟ್ಟಿರುವನು. ನಾವು ಕಂಠಸ್ಥ ಮಾಡಿದೆವಲ್ಲದೆ ಅನುಕ್ರಮವನ್ನು ಗಮನಿಸಲಿಲ್ಲ. (ಉದ್ರವೆಂದರೆ ನೀರುನಾಯಿ. ಕಾವೇರಿಯ ತೀರದವರಿಗೆ ಇದು ತಿಳಿದ ಪ್ರಾಣಿಯೇ.)

ವೈದ್ಯಗ್ರಂಥಗಳ ಸಾಕ್ಷ್ಯವು ಇನ್ನೂ ಸ್ಪಷ್ಟವಾದುದು. ಏಕೆಂದರೆ ವೈದ್ಯನು ಮಾಂಸದ ಗುಣದೋಷಗಳನ್ನು ಹೇಳಬೇಕಾದವನು, ಅವನಿಗೆ ಪ್ರಾಣಿಭೇದವು ಕೇವಲ ಅಲಂಕಾರವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಅನ್ನಪಾನವಿಧಿಯಲ್ಲಿ ನೀರಿನ ಪ್ರಾಣಿಗಳನ್ನು ಚಿಪ್ಪಿನೊಳಗಿರುವುವು, ಕಾಲುಳ್ಳವು, ಮೀನುಗಳು ಎಂದು ವಿಂಗಡಿಸಿ, ಮೀನುಗಳನ್ನು ಮತ್ತೆ ನದಿಯವು ಸಮುದ್ರದವು ಎಂದು ವಿಭಾಗಿಸಿದೆ. ಕುಂಭೀರವು ಆಮೆ ಏಡಿಗಳೊಡನೆ ಕಾಲುಳ್ಳವುಗಳಲ್ಲಿ ಬಂದಿದೆ. ಮಕರವಾದರೋ ತಿಮಿ ತಿಮಿಂಗಿಲಗಳೊಡನೆ ಸಮುದ್ರದ ಮೀನುಗಳ ಪಟ್ಟಿಯಲ್ಲಿದೆ. ಚರಕಸಂಹಿತೆಯು ಈ ವಿಂಗಡಣೆಯನ್ನು ಮಾಡದೆ ಎಲ್ಲವನ್ನೂ ನೀರಿನಲ್ಲಿ ವಾಸಿಸುವುವೆಂದು ಒಟ್ಟಿಗೆ ಹೇಳಿದರೂ, ಅಲ್ಲಿಯೂ ಕುಂಭೀರವೂ ಮಕರವೂ ಪ್ರತ್ಯೇಕವಾಗಿ ಹೆಸರಿಸಲ್ಪಟ್ಟಿವೆ. ಭಗವದ್ಗೀತೆಯ ವಿಭೂತಿಯೋಗದಲ್ಲಿ ಮಕರವು ಝಷಗಳಲ್ಲಿ, ಎಂದರೆ ಮತ್ಸ್ಯಗಳಲ್ಲಿ, ಶ್ರೇಷ್ಠವೆಂದು ಎಣಿಸಲ್ಪಟ್ಟಿರುವುದನ್ನು ಇದರೊಡನೆ ಸೇರಿಸಿ ನೋಡಬೇಕು. ಕೋಶ, ವೈದ್ಯ, ಗೀತೆ ಈ ಮೂರೂ ಒಂದೇ ಕಡೆಗೆ ಕೈದೋರಿಸುತ್ತಿರುವಾಗ, ಮಕರಕ್ಕೆ ಮೊಸಳೆಯೆಂದು ಅರ್ಥ ಬರೆಯುವುದು ಪ್ರಮಾಣವಿರುದ್ಧವೇ ಸರಿ.

ಹಾಗಾದರೆ ಈ ಭ್ರಾಂತಿಯು ಎಲ್ಲಿಂದ ಬಂತು? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣವು ಶಾಸ್ತ್ರದಲ್ಲಿಲ್ಲ, ಭೂಗೋಳದಲ್ಲಿದೆ. ಆತಗೂರಿನ ಸುತ್ತಿನ ಜನರಿಗೆ ಮೊಸಳೆಯು ಶಿಂಷಾ ಕಾವೇರಿಗಳ ಮಡುವಿನಲ್ಲಿ ಕಣ್ಣಿಗೆ ಬೀಳುವ ಪ್ರಾಣಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಇಂದಿಗೂ ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನು ನೋಡಬಹುದು. ಸಮುದ್ರವಾದರೋ ಘಟ್ಟಗಳಾಚೆಯದು. ನೀರಿನ ಮಹಾಜಂತುವೆಂಬ ಮಾತು ಕೇಳಿದೊಡನೆ ಒಳನಾಡಿನವನ ಮನಸ್ಸಿಗೆ ತಾನು ಕಂಡ ಮೊಸಳೆಯೇ ಬರುವುದು ಸಹಜ. ಉತ್ತರದೇಶದಲ್ಲಿಯೂ ಹೀಗೆಯೇ ಆಯಿತು. ಗಂಗಾ ಯಮುನಾ ತೀರಗಳ ದೇಶಭಾಷೆಗಳಲ್ಲಿ ಮಕರಶಬ್ದವು 'ಮಗರ್' ಎಂದಾಗಿ ನದಿಯ ಮೊಸಳೆಗೇ ನಿಂತುಹೋಯಿತು; ಇಂಗ್ಲಿಷರು ನಮ್ಮ ಮೊಸಳೆಯನ್ನು 'ಮಗ್ಗರ್' ಎಂದು ಕರೆಯುವುದು ಇದರಿಂದಲೇ. ಇದಕ್ಕೆ ಪ್ರತಿಯಾಗಿ, ಕಡಲನ್ನು ಬಲ್ಲ ತಮಿಳರು ಏನು ಮಾಡಿದರೆಂಬುದನ್ನು ನೋಡಿರಿ. ಅವರಿಗೆ ಮೊಸಳೆಗೆ 'ಮುದಲೈ' ಎಂಬ ಪದವಿದ್ದಿತು. ಆದರೂ ಮಕರರಾಶಿಗೂ ಮನ್ಮಥನ ಮಕರಧ್ವಜಕ್ಕೂ ಅವರು ಬಳಸಿದ ದೇಶ್ಯವು 'ಸುಱವು', ಎಂದರೆ ಶಾರ್ಕ್ ಮೀನು. ತೆಲುಗಿನಲ್ಲಿ ಇದೇ 'ಸೊರ'. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದಪ್ರಕರಣದಲ್ಲಿ, ಸಮುದ್ರದ ಮೀನು ನದಿಯ ಮೀನು, ಹುರುಪೆಯುಳ್ಳದ್ದು ಬರಿಯ ಚರ್ಮವುಳ್ಳದ್ದು ಎಂದು ವಿಭಾಗ ಮಾಡಿ, ಚರ್ಮದ ದೊಡ್ಡ ಕಡಲಮೀನುಗಳಲ್ಲಿ ಸೊರ, ಶೃಂಗಸೊರ ಎಂದು ಹೇಳಿರುವನು. ದ್ರಾವಿಡಪದವೊಂದು ಸಂಸ್ಕೃತಶ್ಲೋಕದೊಳಗೆ ಕುಳಿತಿರುವುದು ಹೀಗೆ. ಕನ್ನಡ ನಾಡಿನ ಅರಸನೊಬ್ಬನು ಮೀನನ್ನು ನೋಡಿಯೇ ಬರೆದಿರುವನೆಂಬುದು ಆ ಪ್ರಕರಣವನ್ನು ಓದಿದವರಿಗೆ ತಿಳಿಯುವುದು. ನಮ್ಮ ಸಾಹಿತ್ಯಾಧ್ಯಾಪಕರು ಅದನ್ನು ಇನ್ನೂ ಸಾಕಷ್ಟು ಉಪಯೋಗಿಸಿಕೊಂಡಿಲ್ಲ.

ಮಕರವು ಶಾರ್ಕೇ ಎಂದು ನಾನು ಸಾಧಿಸಹೊರಟಿಲ್ಲ. ತೀರದವರು ಅದನ್ನು ಕಡಲ ಮೀನೆಂದೂ, ಒಳನಾಡಿನವರು ನದಿಯ ಮೊಸಳೆಯೆಂದೂ ತಿಳಿದರೆಂಬುದೇ ನನಗೆ ಬೇಕಾದ ಅಂಶ.

ಇನ್ನು ಶಿಶುಮಾರವನ್ನು ವಿಚಾರಿಸೋಣ. ಇದನ್ನೂ ಮೊಸಳೆಯೆಂದೇ ಟೀಕೆಗಳಲ್ಲಿ ಬರೆಯುವುದುಂಟು. ಇಲ್ಲಿ ನಮಗೆ ಜೀವಂತ ಸಾಕ್ಷ್ಯವಿದೆ. ಗಂಗಾನದಿಯಲ್ಲಿ ಡಾಲ್ಫಿನ್ ಎಂಬ ಪ್ರಾಣಿಯು ವಾಸಿಸುವುದು. ೨೦೦೯ರಲ್ಲಿ ಭಾರತಸರ್ಕಾರವು ಅದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಇದನ್ನು ಹಿಂದಿಯವರು 'ಸೂಂಸ್' ಎಂದೂ, ಬಂಗಾಳಿಗಳು 'ಶುಶುಕ್' ಎಂದೂ, ಅಸ್ಸಾಮಿನವರು 'ಶಿಹು' ಎಂದೂ ಕರೆಯುವರು. ಇವೆಲ್ಲವೂ ಶಿಶುಮಾರ, ಶಿಶುಕ ಎಂಬವುಗಳ ತದ್ಭವಗಳೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಮರನೇ ಶಿಶುಕವನ್ನು ಉಲೂಪಿಗೆ ಸಮಾನವೆಂದು ಮೀನುಗಳ ನಡುವೆ ಹೇಳಿರುವನು. ನದಿಯ ದಡದ ಬೆಸ್ತರ ಬಾಯಲ್ಲಿ ಎರಡು ಸಾವಿರ ವರ್ಷ ಉಳಿದುಬಂದ ಹೆಸರು, ದೂರದಲ್ಲಿ ಕುಳಿತು ಬರೆದ ಟೀಕಾಕಾರನ ಮಾತಿಗಿಂತ ಹೆಚ್ಚಿನ ಪ್ರಮಾಣವೆಂದು ನಾನು ಎಣಿಸುವೆನು. (ನಮ್ಮ ಶಿಂಷೆಯ ಹೆಸರನ್ನೂ ಶಿಂಶುಮಾರದೊಡನೆ ಗಂಟುಹಾಕಬೇಕೆಂಬ ಆಸೆಯು ನನಗೂ ಒಮ್ಮೆ ಹುಟ್ಟಿದ್ದಿತು. ಧ್ವನಿಸಾಮ್ಯವೊಂದನ್ನೇ ನಂಬುವುದು ಅಪಾಯವೆಂದು ಕೈಬಿಟ್ಟೆನು.)

ಆದರೆ ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಮಕರವನ್ನು ಮೀನಿಗೆ ಸೇರಿಸಿದ ಅದೇ ಸುಶ್ರುತಸಂಹಿತೆಯು ಶಿಶುಮಾರವನ್ನು ಕಾಲುಳ್ಳವುಗಳಲ್ಲಿ ಎಣಿಸಿದೆ. ಡಾಲ್ಫಿನ್ನಿಗೆ ಕಾಲಿಲ್ಲ. ಪಕ್ಕದ ಎರಡು ಹುಟ್ಟಿನಂಥ ಅಂಗಗಳನ್ನು ಕಾಲೆಂದು ಭಾವಿಸಿದ್ದಿರಬಹುದು. ಅವುಗಳ ಒಳಗೆ ಬೆರಳಿನ ಮೂಳೆಗಳಿರುವುದು ದಿಟ. ಅಥವಾ ಆ ಗ್ರಂಥ ಹುಟ್ಟಿದ ಪ್ರದೇಶದಲ್ಲಿ ಶಿಶುಮಾರವೆಂಬ ಹೆಸರು ಉದ್ದಮೂತಿಯ ಮೊಸಳೆಯಾದ ಘರಿಯಾಲಕ್ಕೂ ಸಲ್ಲುತ್ತಿದ್ದಿರಬಹುದು. ಎರಡನೆಯದು ಅಸಂಭವವಲ್ಲ. ಗಂಗೆಯ ಡಾಲ್ಫಿನ್ನಿಗೂ ಘರಿಯಾಲಕ್ಕೂ ಮೂತಿಯು ಒಂದೇ ರೀತಿ: ನೀಳವಾಗಿ, ಕಿರಿದಾಗಿ, ಇಕ್ಕಳದಂತೆ, ಎರಡು ಸಾಲು ಸಣ್ಣ ಹಲ್ಲುಗಳಿಂದ ಕೂಡಿರುವುದು. ಕಲಕಿದ ನೀರಿನಿಂದ ಮೂತಿಯೊಂದೇ ಮೇಲೆದ್ದರೆ ದಡದಲ್ಲಿದ್ದವನಿಗೆ ಭೇದ ತಿಳಿಯುವುದು ಕಷ್ಟ. ಬಾಬರನು ತನ್ನ ಆತ್ಮವೃತ್ತಾಂತದಲ್ಲಿ ಹಿಂದೂಸ್ಥಾನದ ನದಿಗಳ ಪ್ರಾಣಿಗಳನ್ನು ವರ್ಣಿಸುತ್ತ ಇದನ್ನೇ ಗಮನಿಸಿರುವನು: ಫಕ್ಕನೆ ಮೇಲೆದ್ದು ಬಾಲವನ್ನು ತೋರಿಸಿ ಮತ್ತೆ ಮುಳುಗುವ ಈ ಪ್ರಾಣಿಯ ಮೂತಿಯೂ ಹಲ್ಲೂ ಮೊಸಳೆಯ ಜಾತಿಯದೊಂದರಂತೆಯೂ, ಉಳಿದ ಶರೀರವು ಮೀನಿನಂತೆಯೂ ಇರುವುದೆಂದು ಅವನು ಹೇಳಿರುವನು. ಹದಿನಾರನೆಯ ಶತಮಾನದ ಈ ಪರಕೀಯನು, ಶಾಸ್ತ್ರದ ಹಂಗಿಲ್ಲದೆ, ಗೊಂದಲದ ಮೂಲವನ್ನೇ ಮುಟ್ಟಿದನು.

ಬಾಬರನು ಅದಕ್ಕೆ ಕೊಟ್ಟ ಹೆಸರೂ ಸ್ವಾರಸ್ಯವಾದುದು. ಅವನು ಅದನ್ನು 'ನೀರಹಂದಿ' ಎಂದು ಕರೆದನು. ಕನ್ನಡದಲ್ಲಿ ಇದೇ ಕುಲದ ಕಡಲಪ್ರಾಣಿಗೆ 'ಕಡಲಹಂದಿ', 'ಹಂದಿಮೀನು' ಎಂಬ ಹೆಸರುಗಳಿವೆ. ಇಂಗ್ಲಿಷಿನ 'ಪಾರ್ಪಸ್' ಎಂಬ ಪದವೂ ಲ್ಯಾಟಿನ್ ಮೂಲದಲ್ಲಿ ಹಂದಿಮೀನೆಂದೇ ಅರ್ಥವುಳ್ಳದ್ದು. ಒಬ್ಬರನ್ನೊಬ್ಬರು ಕಾಣದ ಜನಗಳು ಒಂದೇ ಹೋಲಿಕೆಯನ್ನು ಕಂಡರು. ಚರ್ಮದ ಕೆಳಗಣ ಕೊಬ್ಬು, ಉಸಿರಾಡುವಾಗಿನ ಗುಟುರು, ಗುಂಡುಮೈ ಇವು ಇದಕ್ಕೆ ಕಾರಣವಾಗಿರಬೇಕು. ಆತಗೂರಿನ ಕಲ್ಲಿನಲ್ಲಿ ಹೋರಾಡುವ ನಾಯಿಯೂ ಹಂದಿಯೂ ಹೀಗೆ ನೀರುನಾಯಿ, ಕಡಲಹಂದಿಗಳಾಗಿ ನೀರಿಗೂ ಇಳಿದಿವೆ. ನೆಲದ ಮೇಲೆ ಕಂಡ ಪ್ರಾಣಿಯ ಹೆಸರನ್ನೇ ನೀರಿನ ಪ್ರಾಣಿಗೆ ಕೊಡುವುದು ಜನರ ರೂಢಿ. ಮಕರಕ್ಕೆ ಮೊಸಳೆಯಾದದ್ದು ಈ ರೂಢಿಯ ತಪ್ಪಾದ ವಿನಿಯೋಗ.

ಡಾಲ್ಫಿನ್ನನ್ನೂ ಕಡಲಹಂದಿಯನ್ನೂ ಸಹ ಒಂದೇ ಎಂದು ತಿಳಿಯತಕ್ಕದ್ದಲ್ಲ. ನಮ್ಮ ಕಾರವಾರ ಮಂಗಳೂರುಗಳ ಕಡಲಿನಲ್ಲಿ ಎರಡೂ ಉಂಟು. ಡಾಲ್ಫಿನ್ನಿಗೆ ಮುಂಚಾಚಿದ ಕೊಕ್ಕಿನಂಥ ಮೂತಿ, ಮೊನೆಯುಳ್ಳ ಹಲ್ಲು. ಕರಾವಳಿಯಲ್ಲಿ ಕಾಣುವ ಜಾತಿಗೆ ಬೆನ್ನಿನ ಮೇಲೆ ಗೂನಿನಂತೆ ಉಬ್ಬು, ಅದರ ಮೇಲೆ ಸಣ್ಣ ರೆಕ್ಕೆ. ಕಡಲಹಂದಿಗೆ ಗುಂಡಾದ ತಲೆ, ಕೊಕ್ಕಿಲ್ಲ, ಹಲ್ಲುಗಳು ಗುದ್ದಲಿಯ ತುದಿಯಂತೆ ಚಪ್ಪಟೆ. ನಮ್ಮಲ್ಲಿಯ ಜಾತಿಗೆ ಬೆನ್ನುರೆಕ್ಕೆಯೇ ಇಲ್ಲ. ಎರಡೂ ಮೀನಲ್ಲ. ನೆತ್ತಿಯ ರಂಧ್ರದಿಂದ ಗಾಳಿಯನ್ನು ಉಸಿರಾಡುವುವು, ಮರಿಗೆ ಹಾಲೂಡುವುವು. ಶಾರ್ಕಿನಿಂದ ಇವುಗಳನ್ನು ಬೇರ್ಪಡಿಸಲು ಬಾಲವೊಂದನ್ನು ನೋಡಿದರೆ ಸಾಕು: ಮೀನಿನ ಬಾಲವು ನೆಟ್ಟಗೆ ನಿಂತು ಎಡಬಲಕ್ಕೆ ಬೀಸುವುದು, ಇವುಗಳದು ಅಡ್ಡವಾಗಿ ಮಲಗಿ ಮೇಲೆ ಕೆಳಗೆ ಆಡುವುದು.

ನೆತ್ತಿಯ ರಂಧ್ರದ ಮಾತು ಬಂದುದರಿಂದ ತಿಮಿಯನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಿಂದ ಸೀತೆಗೆ ಸಮುದ್ರವನ್ನು ತೋರಿಸುವಾಗ, ಬಾಯ್ದೆರೆದು ನೀರನ್ನು ಪ್ರಾಣಿಗಳ ಸಮೇತ ತೆಗೆದುಕೊಂಡು, ರಂಧ್ರವುಳ್ಳ ತಲೆಗಳಿಂದ ಮೇಲಕ್ಕೆ ಧಾರೆಯನ್ನು ಚಿಮ್ಮುವ ತಿಮಿಗಳ ವರ್ಣನೆಯಿದೆ. ಇದು ತಿಮಿಂಗಿಲದ ಯಥಾರ್ಥವಾದ ಚಿತ್ರ. ಚಿಮ್ಮುವುದು ಬಾಯೊಳಗಿನ ನೀರಲ್ಲ, ಉಸಿರಿನ ಆವಿ ಎಂಬುದೊಂದೇ ವ್ಯತ್ಯಾಸ. ತಿಮಿಯನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ ಎಂಬ ಪುರಾಣೋಕ್ತಿಯನ್ನು ಪ್ರಾಣಿಶಾಸ್ತ್ರವೆಂದು ತೆಗೆದುಕೊಳ್ಳಬೇಕಾಗಿಲ್ಲ.

ಶಿಲ್ಪವನ್ನು ಪ್ರಮಾಣವಾಗಿ ಮುಂದಿಡುವವರಿಗೆ ಒಂದು ಮಾತು. ಕ್ರಿ. ಪೂ. ಎರಡನೆಯ ಶತಮಾನದ ಭಾರ್ಹತದ ಮಕರಗಳಿಗೆ ದವಡೆಯು ಮೊಸಳೆಯಂತೆ ಇರುವುದು ಸತ್ಯ. ಆದರೆ ಬಾಲವು ಮೀನಿನದು. ಹೊಯ್ಸಳರ ಕಾಲಕ್ಕೆ ಮೂತಿಯು ಆನೆಯ ಸೊಂಡಿಲಾಗಿ, ಬಾಲವು ಬಳ್ಳಿಯಂತೆ ಸುರುಳಿಗೊಂಡು, ನೀರಿನ ಸಂಬಂಧವೇ ಕಡಿದುಹೋಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿಯೂ, ಕಾವೇರಿಯ ತೀರದ ಸೋಮನಾಥಪುರದಲ್ಲಿಯೂ ಹದಿಮೂರನೆಯ ಶತಮಾನದ ದೇವಾಲಯಗಳ ಅಧಿಷ್ಠಾನದ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ ಇವುಗಳ ಸಾಲುಗಳಾದ ಮೇಲೆ ಮಕರಗಳ ಸಾಲು, ಅದರ ಮೇಲೆ ಹಂಸಗಳ ಸಾಲು ನಡೆದಿವೆ. ಆ ಆನೆಯೂ ಕುದುರೆಯೂ ಕಂಡು ಕಡೆದವು. ಮಕರವು ಕೇಳಿ ಕಡೆದದ್ದು. ನದಿಯು ಕೂಗಳತೆಯಲ್ಲಿದ್ದು, ಅದರಲ್ಲಿ ಮೊಸಳೆಯಿದ್ದೂ, ಆ ಶಿಲ್ಪಿಗಳು ಮಕರವನ್ನು ಮೊಸಳೆಯಂತೆ ಕಡೆಯಲಿಲ್ಲವೆಂಬುದೇ ನನಗೆ ಮುಖ್ಯವಾಗಿ ತೋರುವುದು. ಮೊಸಳೆಯನ್ನು ದಿನವೂ ನೋಡುತ್ತಿದ್ದವರಿಗೆ ಮಕರವು ಅದಲ್ಲವೆಂಬ ಅರಿವು ಇದ್ದಿತು.

ಮೊಸಳೆಯೆಂದು ಧೈರ್ಯವಾಗಿ ಹೇಳಬಹುದಾದ ಸ್ಥಳಗಳೂ ಇವೆ. ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರನನ್ನು ಹಿಡಿದದ್ದು ಗ್ರಾಹ, ಅದು ಇದ್ದದ್ದು ತ್ರಿಕೂಟಪರ್ವತದ ಸರೋವರದಲ್ಲಿ. ಸಿಹಿನೀರಿನಲ್ಲಿ ಹೊಂಚಿ ಕಾಲನ್ನು ಕಚ್ಚಿ ಎಳೆಯುವ ಸ್ವಭಾವವು ಮೊಸಳೆಗೆ ಸರಿಯಾಗಿ ಒಪ್ಪುವುದು. ನಮ್ಮ ಹಳಗನ್ನಡದ 'ನೆಗಳ್' ಎಂಬ ಚೊಕ್ಕ ಪದವು ಇದಕ್ಕೆ ತಕ್ಕುದು. ತುಳುವಿನಲ್ಲಿ 'ನೆಗರು', ತೆಲುಗಿನಲ್ಲಿ 'ನೆಗಡು' ಇದರ ಬಂಧುಗಳು, ಸಂಸ್ಕೃತದ ನಕ್ರವೂ ಇವುಗಳ ಸಂಬಂಧಿಯೇ ಇರಬಹುದೆಂದು ಭಾಷಾಶಾಸ್ತ್ರಜ್ಞರು ಊಹಿಸಿರುವರು. ಹರಿಕಥೆಗಳಲ್ಲಿ ಇದೇ ಗ್ರಾಹವನ್ನು 'ಮಕರಿ' ಎಂದು ಹಾಡುವುದು ಒಳನಾಡಿನ ರೂಢಿಯಿಂದ ಬಂದದ್ದು. ಹಾಡುವವರನ್ನು ತಿದ್ದಲು ಹೋಗಬೇಕಾಗಿಲ್ಲ. ಪದಕೋಶ ಬರೆಯುವವರನ್ನು ತಿದ್ದಬೇಕು.

ಜ್ಯೋತಿಷಗ್ರಂಥಗಳಲ್ಲಿ ಮಕರರಾಶಿಯನ್ನು ಛಂದಸ್ಸಿನ ಅನುಕೂಲಕ್ಕಾಗಿ ನಕ್ರವೆಂದು ಹೇಳಿರುವುದುಂಟೆಂದು ಆಕ್ಷೇಪಿಸಬಹುದು. ವರಾಹಮಿಹಿರನ ಬೃಹಜ್ಜಾತಕದಲ್ಲಿ ಆ ರಾಶಿಯ ಮಕರಕ್ಕೆ ಜಿಂಕೆಯ ಮುಖವಿದೆ. ಮೇಕೆಯ ತಲೆಗೆ ಮೀನಿನ ಬಾಲವನ್ನು ಕೂಡಿಸಿದ ಯವನರ ರಾಶಿಚಿಹ್ನೆಯು ಅದರ ಹಿಂದಿದೆ. ಅಂಥ ಪ್ರಾಣಿಯನ್ನು ಯಾವ ನೀರಿನಲ್ಲಿಯೂ ಹುಡುಕುವಂತಿಲ್ಲ.

ಆ ಪ್ರಶ್ನೆಯನ್ನು ಕೇಳಿದ ವಿದ್ಯಾರ್ಥಿಯು ಈಗ ತಾನೇ ಅಧ್ಯಾಪಕನಾಗಿರುವನು. ನನ್ನ ಹಳೆಯ ಪಾಠದ ಟಿಪ್ಪಣಿಗಳಲ್ಲಿ ಮಕರದ ಮುಂದೆ ಬರೆದಿದ್ದ 'ಮೊಸಳೆ'ಯನ್ನು ಹೊಡೆದುಹಾಕಿ 'ಮೀನಿನ ವರ್ಗಕ್ಕೆ ಸೇರಿದುದೆಂದು ಹಿರಿಯರು ಎಣಿಸಿದ ಕಡಲಜಂತು' ಎಂದೂ, ಶಿಶುಮಾರದ ಮುಂದೆ 'ಡಾಲ್ಫಿನ್. ಸುಶ್ರುತದಲ್ಲಿ ಸಂದಿಗ್ಧ' ಎಂದೂ ತಿದ್ದಿರುವೆನು. ಒಂದು ಪದವು ಮಾತ್ರ ಉಳಿದಿದೆ. ರಘುವಂಶದಲ್ಲಿ ತಿಮಿಗಳ ವರ್ಣನೆಯ ಮುಂದಿನ ಶ್ಲೋಕದಲ್ಲಿಯೇ, ಸಮುದ್ರದ ನೊರೆಯನ್ನು ಸೀಳಿಕೊಂಡು ಥಟ್ಟನೆ ಮೇಲಕ್ಕೆ ನೆಗೆಯುವ 'ಮಾತಂಗನಕ್ರ'ಗಳು ಬರುವುವು. ನೊರೆಯು ಅವುಗಳ ಕೆನ್ನೆಯ ಬಳಿ ಕ್ಷಣಕಾಲ ಚಾಮರದಂತೆ ನಿಲ್ಲುವುದಂತೆ. ಮಲ್ಲಿನಾಥನು ಆನೆಯ ಆಕಾರದ ಗ್ರಾಹಗಳೆಂದು ವ್ಯಾಖ್ಯಾನಿಸುವನು. ಆದರೆ ನಡುಗಡಲಿನಲ್ಲಿ ನೀರಿನಿಂದ ಹಾರುವ ಅಭ್ಯಾಸವು ಮೊಸಳೆಗಿಲ್ಲ, ಡಾಲ್ಫಿನ್ನಿಗಿದೆ, ಆನೆಯ ಮುಖವು ಡಾಲ್ಫಿನ್ನಿಗಿಲ್ಲ, ಶಿಲ್ಪದ ಮಕರಕ್ಕಿದೆ, ಹೆಸರಾದರೋ ನಕ್ರವೆಂದಿದೆ. ಕವಿಯು ಕಡಲನ್ನು ನೋಡಿ ಬರೆದನೋ, ದೇವಾಲಯದ ತೋರಣವನ್ನು ನೋಡಿ ಬರೆದನೋ ನಿಶ್ಚಯಿಸಲಾರದೆ, ಟಿಪ್ಪಣಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟಿರುವೆನು.